ಅಟ್ಟದ ಸಿಪಾಯಿಗೆ ವೀರಗಲ್ಲಿನ ವೇಷ

ಜಾತ್ರೆಯಲ್ಲಿ ಕೊಂಡ ಹಸಿರು ಪ್ಲಾಸ್ಟಿಕ್ ಸಿಪಾಯಿಗಳ ಚೀಲ ಎಷ್ಟೋ ಮನೆಗಳ ಅಟ್ಟದಲ್ಲಿ ಇವತ್ತಿಗೂ ಬಿದ್ದಿದೆ. ಮಕ್ಕಳು ದೊಡ್ಡವರಾದರು, ಆಟ ಮುಗಿಯಿತು, ಎಸೆಯಲು ಮಾತ್ರ ಮನಸ್ಸು ಬಾರದು. ನವರಾತ್ರಿಯಲ್ಲಿ ಗೊಂಬೆ ಕೂರಿಸುವಾಗ ಒಂದು ಮೆಟ್ಟಿಲ ಮೇಲೆ ಇಟ್ಟು ನೋಡಿದರೆ, ಬಂದೂಕು ಹಿಡಿದು ಹೆಲ್ಮೆಟ್ ತೊಟ್ಟ ಆ ಸೈನ್ಯ ಪಟ್ಟದ ಗೊಂಬೆಗಳ ಪಕ್ಕದಲ್ಲಿ ಹೊಂದುವುದೇ ಇಲ್ಲ. ಬಣ್ಣ ಬಳಿದು ಚೆಂದಗಾಣಿಸಲು ಹೋದವರಿಗೆ ಇನ್ನೊಂದು ಪೇಚು: ನಾಲ್ಕು ದಿನ ಕಳೆಯುವಷ್ಟರಲ್ಲಿ ಬಣ್ಣ ಪದರಪದರವಾಗಿ ಎದ್ದು, ಒಳಗಿನ ಹಸಿರು ಇಣುಕುತ್ತದೆ.

ಈ ಎರಡೂ ತೊಂದರೆಗೆ ಪರಿಹಾರವಿದೆ. ಬಣ್ಣ ಏಳುವುದಕ್ಕೆ ಕಾರಣ ಪ್ಲಾಸ್ಟಿಕ್‌ನ ಗುಣ. ಅದನ್ನು ತಿಳಿದರೆ ಉಪಾಯ ಸುಲಭ. ಸಿಪಾಯಿಯ ರೂಪ ಬದಲಿಸಲು ಬೇಕಾದ ಮಾದರಿಯಂತೂ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಊರೂರಿನಲ್ಲೂ ನಿಂತಿದೆ. ಅದೇ ವೀರಗಲ್ಲು. ದನ ಹೊಡೆದೊಯ್ಯುವವರನ್ನು ಅಡ್ಡಗಟ್ಟಿ ಸತ್ತವರು, ಊರಿಗೆ ಮುತ್ತಿಗೆ ಬಿದ್ದಾಗ ಹೋರಾಡಿ ಮಡಿದವರು, ಹೆಣ್ಣುಮಕ್ಕಳ ಮಾನ ಕಾಯಲು ಪ್ರಾಣ ಕೊಟ್ಟವರು: ಇಂಥವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು ಈ ಸೀಮೆಯಲ್ಲಿರುವಷ್ಟು ದಟ್ಟವಾಗಿ ನಾಡಿನ ಕೆಲವೇ ಕಡೆ ಸಿಗುತ್ತವೆ. ಶಾಸನತಜ್ಞ ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟವನ್ನು 1902ರಲ್ಲಿ, ಎಂಟನೆಯದನ್ನು 1904ರಲ್ಲಿ ಹೊರತಂದಾಗ ಶಿಕಾರಿಪುರದ ಶಾಸನಗಳು ಮೊದಲನೆಯದರಲ್ಲೂ ಸೊರಬದವು ಎರಡನೆಯದರಲ್ಲೂ ಸೇರಿದವು. ಅವುಗಳಲ್ಲಿ ವೀರಗಲ್ಲಿನ ಬರಹಗಳ ಪಾಲು ದೊಡ್ಡದು.

ಪ್ಲಾಸ್ಟಿಕ್ ಸಿಪಾಯಿಯ ವಯಸ್ಸು ವೀರಗಲ್ಲಿಗೆ ಹೋಲಿಸಿದರೆ ಬಹಳ ಚಿಕ್ಕದು. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿ 1893ರಲ್ಲಿ ಸೀಸ ಮಿಶ್ರಿತ ಲೋಹದಲ್ಲಿ ಟೊಳ್ಳು ಸಿಪಾಯಿಗಳನ್ನು ಎರಕ ಹೊಯ್ಯಲು ತೊಡಗಿತು. ಪ್ಲಾಸ್ಟಿಕ್ ಸಿಪಾಯಿ ಬಂದದ್ದು 1938ರಲ್ಲಿ, ಅಮೆರಿಕದಲ್ಲಿ. ಏರ್‌ಫಿಕ್ಸ್ ಕಂಪನಿಯ ಬೆರಳುದ್ದಕ್ಕಿಂತ ಚಿಕ್ಕ ಸಿಪಾಯಿಗಳು 1959ರಿಂದ ಮಾರಾಟಕ್ಕೆ ಬಂದವು. ನಮ್ಮ ಜಾತ್ರೆಯ ಅಂಗಡಿಗಳಲ್ಲಿ ಸಿಗುವ ಸಿಪಾಯಿಗಳು ಹೆಚ್ಚಾಗಿ ಆ ಅಮೆರಿಕನ್ ಮಾದರಿಗಳ ನಕಲಿನ ನಕಲು. ಅದರಿಂದ ಒಂದು ಅನುಕೂಲವಿದೆ. ನಿಲುವುಗಳು ಎಲ್ಲ ಚೀಲಗಳಲ್ಲೂ ಹೆಚ್ಚುಕಡಿಮೆ ಅವೇ ಆಗಿರುವುದರಿಂದ, ಇಲ್ಲಿ ಹೇಳುವ ಕ್ರಮ ನಿಮ್ಮ ಚೀಲಕ್ಕೂ ಹೊಂದುತ್ತದೆ.

ಮೊದಲು ಕಲ್ಲು ನೋಡಿ, ಆಮೇಲೆ ಚಾಕು ಹಿಡಿಯಿರಿ

ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯಲ್ಲಿ ಕೇದಾರೇಶ್ವರ ದೇವಾಲಯದ ಅಂಗಳದಲ್ಲೇ ವೀರಗಲ್ಲುಗಳಿವೆ. ಸೊರಬ ತಾಲ್ಲೂಕಿನ ಉದ್ರಿ ಇನ್ನೊಂದು ಒಳ್ಳೆಯ ಜಾಗ. ನಡು ಮಧ್ಯಾಹ್ನ ಹೋದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಬೆಳಗ್ಗೆ ಅಥವಾ ಇಳಿಹೊತ್ತಿನಲ್ಲಿ ಓರೆ ಬಿಸಿಲು ಬಿದ್ದಾಗ ಹೋಗಿ. ಸವೆದ ಗೆರೆಗಳೂ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಗೆರೆ ಕಾಣಲೆಂದು ಸುಣ್ಣದ ಕಡ್ಡಿ, ಹಿಟ್ಟು, ಎಣ್ಣೆ ಸವರುವ ಕೆಲಸ ಬೇಡವೇ ಬೇಡ. ಅದು ಕಲ್ಲಿಗೆ ಕೇಡು. ಊರವರು ಪೂಜಿಸುವ ಕಲ್ಲಾದರೆ ಅವರನ್ನು ಕೇಳಿಯೇ ಹತ್ತಿರ ಹೋಗಿ.

ಕಲ್ಲು ಸಾಮಾನ್ಯವಾಗಿ ಮೂರು ಅಂತಸ್ತಿನದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವಿನದರಲ್ಲಿ ಮಡಿದ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಎದುರು ಕೈಮುಗಿದು ಕುಳಿತಿರುತ್ತಾನೆ. ಜೈನ ವೀರನಾದರೆ ಆ ಜಾಗದಲ್ಲಿ ಜಿನಮೂರ್ತಿ. ನೆತ್ತಿಯಲ್ಲಿ ಸೂರ್ಯ, ಚಂದ್ರ. ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಯ ಮೇಲೆ ಬರಹ.

ನಿಮ್ಮ ಕಣ್ಣು ಕೆಳಗಿನ ಪಟ್ಟಿಕೆಯಲ್ಲಿ ನಿಲ್ಲಲಿ. ವೀರನ ಮೈಮೇಲೆ ಬಟ್ಟೆ ಕಡಿಮೆ. ಮೊಣಕಾಲ ಮೇಲಕ್ಕೆ ಬಿಗಿದು ಉಟ್ಟ ಕಚ್ಚೆ, ನಡುಕಟ್ಟಿನಿಂದ ಇಳಿಬಿದ್ದ ಸೆರಗು, ಅದರಲ್ಲಿ ಸಿಕ್ಕಿಸಿದ ಬಾಕು, ಕತ್ತಿನಲ್ಲಿ ಹಾರ, ತೋಳಿಗೆ ಬಂದಿ, ತಲೆಯ ಹಿಂದೆಯೋ ಬದಿಗೋ ಕಟ್ಟಿದ ಮುಡಿ. ಕೈಯಲ್ಲಿ ಬಿಲ್ಲು, ಇಲ್ಲವೇ ಕತ್ತಿ ಗುರಾಣಿ, ಇಲ್ಲವೇ ಈಟಿ. ಕಾಲಬುಡದಲ್ಲಿ ಬಿದ್ದ ಶತ್ರುಗಳು. ತುರುಗೋಳಿನ, ಅಂದರೆ ದನ ಹೊಡೆದೊಯ್ಯುವವರೊಡನೆ ನಡೆದ ಕಾಳಗದ, ಕಲ್ಲಾದರೆ ಒಂದು ಬದಿಗೆ ಸಾಲಾಗಿ ದನಗಳು.

ಇನ್ನೊಂದು ಸಂಗತಿ ಈ ಹವ್ಯಾಸಕ್ಕೆ ವರದಾನ ಎನ್ನಬೇಕು. ಎಷ್ಟೋ ಕಲ್ಲುಗಳಲ್ಲಿ ವೀರ ದೊಡ್ಡವನು, ಎದುರಾಳಿಗಳು ಚಿಕ್ಕವರು. ಶಿಲ್ಪಿ ಅಳತೆಯನ್ನು ದೂರದಿಂದಲ್ಲ, ಹಿರಿಮೆಯಿಂದ ತೀರ್ಮಾನಿಸಿದ್ದಾನೆ. ಬೇರೆ ಬೇರೆ ಚೀಲಗಳ ಸಿಪಾಯಿಗಳು ಒಂದಕ್ಕೊಂದು ಅಳತೆ ಹೊಂದುವುದಿಲ್ಲವೆಂದು ಕೊರಗುವವರು ಆ ಕೊರಗನ್ನು ಇಲ್ಲಿಗೇ ಬಿಡಬಹುದು. ಐದೂವರೆ ಸೆಂಟಿಮೀಟರಿನವನು ವೀರ, ನಾಲ್ಕು ಸೆಂಟಿಮೀಟರಿನವರು ಶತ್ರುಗಳು.

ಯಾವ ಸಿಪಾಯಿ ಯಾರಾಗಬಲ್ಲ?

ಸಣ್ಣ ಗೊಂಬೆಯನ್ನು ಕಣ್ಣು ಗುರುತಿಸುವುದು ಅದರ ಹೊರಗೆರೆಯಿಂದ. ಮುಖ, ಗುಂಡಿ, ಜೇಬು ಆಮೇಲೆ. ಹೊರಗೆರೆ ಬದಲಾಗದೆ ಎಷ್ಟು ಬಣ್ಣ ಹಚ್ಚಿದರೂ ಅದು ಬಣ್ಣ ಹಚ್ಚಿದ ಅಮೆರಿಕನ್ ಸಿಪಾಯಿಯೇ. ಹಾಗಾಗಿ ಇರುವ ನಿಲುವನ್ನು ಮುರಿಯದೆ, ಆ ನಿಲುವಿಗೆ ಒಪ್ಪುವ ಹೊಸ ಆಯುಧ ಕೊಡುವುದು ಜಾಣತನ.

ನಿಂತು ಗುರಿಯಿಟ್ಟವನನ್ನು ನೋಡಿ. ಎಡಗೈ ಮುಂದೆ ಚಾಚಿದೆ, ಬಲಗೈ ಕೆನ್ನೆಯ ಹತ್ತಿರವಿದೆ. ಬಂದೂಕು ತೆಗೆದರೆ ಹೆದೆ ಎಳೆದ ಬಿಲ್ಲುಗಾರ ಸಿದ್ಧ. ಮಂಡಿಯೂರಿ ಗುಂಡು ಹಾರಿಸುವವನೂ ಅಷ್ಟೇ. ಬಯೊನೆಟ್ ಚಾಚಿ ನುಗ್ಗುವವನಿಗೆ ಈಟಿ. ಗ್ರೆನೇಡ್ ಎಸೆಯಲು ಕೈ ಎತ್ತಿದವನ ಕೈಗೆ ಕತ್ತಿ ಕೊಟ್ಟು, ಇನ್ನೊಂದು ಕೈಗೆ ಗುರಾಣಿ ಕೊಟ್ಟರೆ ಕಲ್ಲಿನ ವೀರನಿಗೆ ಬಹಳ ಹತ್ತಿರ ಬರುತ್ತಾನೆ. ಇಡೀ ಚೀಲದಲ್ಲಿ ಎಲ್ಲಕ್ಕಿಂತ ಒಳ್ಳೆಯ ಫಲ ಕೊಡುವವನು ಇವನೇ. ದುರ್ಬೀನು ಹಿಡಿದವನ ಎರಡೂ ಕೈ ಮುಖದ ಬಳಿ ಇರುವುದರಿಂದ ಅವನು ಕಹಳೆ ಊದುವವನಾಗುತ್ತಾನೆ. ನೆಲದ ಮೇಲೆ ಮಲಗಿ ಗುರಿಯಿಡುವವನನ್ನು ಅಂಗಾತ ತಿರುಗಿಸಿದರೆ ವೀರನ ಕಾಲಡಿ ಬಿದ್ದ ಶತ್ರು. ನೆಲಬಾಂಬು ಹುಡುಕುವವನು, ವೈರ್‌ಲೆಸ್ ಹೊತ್ತವನು ಸುಲಭಕ್ಕೆ ಬಗ್ಗುವವರಲ್ಲ. ಅವರ ಕೈಕಾಲು, ತಲೆ ಬಿಡಿಭಾಗಗಳಾಗಿ ಬರುತ್ತವೆ, ಎತ್ತಿಡಿ.

ಬಣ್ಣ ಏಕೆ ನಿಲ್ಲುವುದಿಲ್ಲ?

ಹೆಚ್ಚಿನ ಮೆತ್ತನೆಯ ಸಿಪಾಯಿಗಳು ಪಾಲಿಎಥಿಲೀನ್‌ನವು. ಈ ಪ್ಲಾಸ್ಟಿಕ್‌ನ ಮೈ ಮೇಣದಂತೆ ಜಾರು. ನೀರಿನ ಹನಿ ಅದರ ಮೇಲೆ ಹರಡದೆ ಗುಂಡಾಗಿ ನಿಲ್ಲುತ್ತದೆ. ಬಣ್ಣವೂ ಹಾಗೆಯೇ, ಅಂಟೂ ಹಾಗೆಯೇ. ಮೇಲಾಗಿ ಅಚ್ಚಿನಿಂದ ಸಲೀಸಾಗಿ ಬಿಡಿಸಲು ಬಳಸಿದ ಜಿಡ್ಡು ಬೇರೆ ಉಳಿದಿರುತ್ತದೆ. ಗೊಂಬೆ ಬಗ್ಗುತ್ತದೆ, ಒಣಗಿದ ಬಣ್ಣ ಬಗ್ಗುವುದಿಲ್ಲ, ಹಾಗಾಗಿ ಬಿರುಕು. ಗಟ್ಟಿ ಪಾಲಿಸ್ಟೈರೀನ್‌ಗೆ ಈ ತೊಂದರೆ ಇಲ್ಲ. ಪಿವಿಸಿಗೆ ಬೇರೆಯೇ ತೊಂದರೆ: ಹಳೆಯದಾದಂತೆ ಅದನ್ನು ಮೆದುವಾಗಿಸಲು ಸೇರಿಸಿದ ದ್ರವ ಹೊರಬಂದು ಮೈ ಅಂಟಂಟಾಗುತ್ತದೆ.

ನಿಮ್ಮ ಕೈಯಲ್ಲಿರುವುದು ಯಾವುದೆಂದು ತಿಳಿಯಲು ಎರಡು ಲೋಟ ನೀರು ಸಾಕು. ಮೊದಲನೆಯ ಲೋಟದ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಸಿಪಾಯಿಯನ್ನು ಮುಳುಗಿಸಿ, ಮೈಗಂಟಿದ ಗುಳ್ಳೆಗಳನ್ನು ಬೆರಳಿನಿಂದ ಸವರಿ ಬಿಡಿ. ಮೇಲಕ್ಕೆ ತೇಲಿದರೆ ಪಾಲಿಎಥಿಲೀನ್ ಇಲ್ಲವೇ ಅದರ ದಾಯಾದಿ ಪಾಲಿಪ್ರೊಪಿಲೀನ್. ಮುಳುಗಿದರೆ ಎರಡನೆಯ ಲೋಟಕ್ಕೆ ಹಾಕಿ. ಇದರಲ್ಲಿ 200 ಮಿಲಿಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿರಬೇಕು. ಈ ದಪ್ಪ ನೀರಿನಲ್ಲಿ ಪಾಲಿಸ್ಟೈರೀನ್ ತೇಲುತ್ತದೆ, ಪಿವಿಸಿ ತಳ ಸೇರುತ್ತದೆ. ಪಾಲಿಎಥಿಲೀನ್‌ನ ಸಾಂದ್ರತೆ ನೀರಿಗಿಂತ ಕಡಿಮೆ, ಪಾಲಿಸ್ಟೈರೀನ್‌ನದು ಸುಮಾರು 1.05, ಪಿವಿಸಿಯದು 1.3ರ ಆಸುಪಾಸು. ಉಪ್ಪುನೀರು ಈ ಕೊನೆಯ ಎರಡರ ನಡುವೆ ಬರುತ್ತದೆ. ಟೊಳ್ಳು ಗೊಂಬೆಗೆ ಮಾತ್ರ ಈ ಪರೀಕ್ಷೆ ನಡೆಯದು. ಒಳಗಿನ ಗಾಳಿ ಮೋಸ ಮಾಡುತ್ತದೆ.

ಬೇಕಾದ ಸಾಮಗ್ರಿ

ಪೇಪರ್ ಕಟರ್ ಅಥವಾ ಸಣ್ಣ ಚಾಕು, ನಯವಾದ ಉಪ್ಪುಕಾಗದ, ಕೈಯಲ್ಲಿ ತಿರುಗಿಸುವ ಚಿಕ್ಕ ಡ್ರಿಲ್, ಗುಂಡುಸೂಜಿ, ಎಂ-ಸೀಲ್‌ನಂಥ ಎರಡು ಭಾಗ ಬೆರೆಸುವ ಎಪಾಕ್ಸಿ, ಫೆವಿಕಾಲ್, ಟಿಶ್ಯೂ ಕಾಗದ, ಅಕ್ರಿಲಿಕ್ ಬಣ್ಣ, ಎರಡು ಕುಂಚ. ಹಾರ್ಡ್‌ವೇರ್ ಅಂಗಡಿ ಮತ್ತು ಸ್ಟೇಷನರಿ ಅಂಗಡಿಯಲ್ಲಿ ಎಲ್ಲವೂ ಸಿಗುತ್ತವೆ. ಉಳಿದದ್ದು ಹಿತ್ತಲಲ್ಲಿದೆ: ಬಿಲ್ಲಿಗೂ ಈಟಿಗೂ ಬಿದಿರಿನ ಸಿಬಿರು, ಗುರಾಣಿಗೆ ಅಡಿಕೆ ಹಾಳೆಯ ತುಂಡು. ಬಿದಿರಿನ ನಾರು ಉದ್ದಕ್ಕೆ ಸಾಗುವುದರಿಂದ ಒಂದು ಮಿಲಿಮೀಟರಿನಷ್ಟು ತೆಳುವಾಗಿ ಸೀಳಿದರೂ ಗಟ್ಟಿ. ಹಾಳೆಯ ಸಣ್ಣ ಗೆರೆಗಳಂತೂ ಚರ್ಮದ ಗುರಾಣಿಯ ಮೈಯನ್ನು ತಾವಾಗಿಯೇ ತಂದುಕೊಡುತ್ತವೆ. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹಾಳೆಗಿಂತ ಇದೇ ಮೇಲು.

ಅಳತೆಗೆ ಒಂದು ಲೆಕ್ಕ ನೆನಪಿಡಿ. ಐದೂವರೆ ಸೆಂಟಿಮೀಟರ್ ಎತ್ತರದ ಸಿಪಾಯಿ ನಿಜ ಮನುಷ್ಯನ ಸುಮಾರು 32ನೇ ಒಂದು ಭಾಗ. ಮುಕ್ಕಾಲು ಮೀಟರಿನ ಕತ್ತಿ ಇಲ್ಲಿ 2.3 ಸೆಂಟಿಮೀಟರ್. 1.4 ಮೀಟರಿನ ಬಿಲ್ಲು 4.4 ಸೆಂಟಿಮೀಟರ್. 55 ಸೆಂಟಿಮೀಟರ್ ಅಗಲದ ದುಂಡು ಗುರಾಣಿ 1.7 ಸೆಂಟಿಮೀಟರ್. ಕತ್ತರಿಸುವ ಮುನ್ನ ಕಾಗದದ ಮೇಲೆ ಈ ಅಳತೆಗೆ ಗೆರೆ ಎಳೆದು, ಗೊಂಬೆಯ ಕೈಗೆ ಹಿಡಿದು ನೋಡಿ.

ಕೆಲಸದ ಕ್ರಮ

1. ತೊಳೆಯುವುದು. ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು, ಒಣಗಿಸಿ. ಆಮೇಲೆ ಗೊಂಬೆಯ ಬುಡ ಹಿಡಿದು ಕೆಲಸ ಮಾಡಿ. ಬೆರಳಿನ ಎಣ್ಣೆಯೂ ಬಣ್ಣಕ್ಕೆ ಶತ್ರು.

2. ಕಡಿಯುವುದು. ಬಂದೂಕು, ಬೆನ್ನಚೀಲ, ನೀರಿನ ಬಾಟಲಿ, ಪಟ್ಟಿಯ ಜೇಬು ತೆಗೆಯಿರಿ. ಒಂದೇ ಏಟಿಗೆ ಕತ್ತರಿಸದೆ ತೆಳ್ಳಗೆ ಹೋಳು ಹೋಳಾಗಿ ಕೆರೆಯಿರಿ. ಮೆತ್ತನೆಯ ಪ್ಲಾಸ್ಟಿಕ್ ಉಪ್ಪುಕಾಗದಕ್ಕೆ ನುಣುಪಾಗುವುದಿಲ್ಲ, ನಾರು ಏಳುತ್ತದೆ. ಆದ್ದರಿಂದ ಚಾಕು ಹರಿತವಾಗಿರಬೇಕು. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಗಳನ್ನು ನೋಡಿದವರಿಗೆ ಹರಿತವಾದ ಅಲಗು ಬಿಟ್ಟ ಮೈ ಎಷ್ಟು ಸ್ವಚ್ಛವಾಗಿರುತ್ತದೆಂದು ಗೊತ್ತು.

3. ಹೆಲ್ಮೆಟ್ ಅನ್ನು ಕೂದಲಾಗಿಸುವುದು. ತಲೆ ಬದಲಿಸುವ ಶ್ರಮ ಬೇಡ. ಹೆಲ್ಮೆಟ್ಟಿನ ಹೊರಚಾಚಿದ ಅಂಚನ್ನು ಸುತ್ತಲೂ ಕೆತ್ತಿ ತೆಗೆದು, ಕಿವಿಯ ಮೇಲಿನ ಪಟ್ಟಿ ಅಳಿಸಿ. ಉಳಿದ ದುಂಡು ಭಾಗವೇ ಬಿಗಿದು ಬಾಚಿದ ಕೂದಲು. ಅದರ ಮೇಲೆ ಚಾಕುವಿನ ತುದಿಯಿಂದ ಹಣೆಯಿಂದ ಹಿಂದಕ್ಕೆ ಸಾಗುವ ಗೆರೆಗಳನ್ನು ಗೀರಿ. ಮುಡಿ ಬರಬೇಕಾದ ಕಡೆ ಸೂಜಿಯಿಂದ ಎರಡು ತೂತು ಕೊರೆಯಿರಿ. ಬಟಾಣಿಗಿಂತ ಚಿಕ್ಕ ಎಪಾಕ್ಸಿ ಉಂಡೆಯನ್ನು ಆ ತೂತುಗಳೊಳಗೆ ಇಳಿಯುವಂತೆ ಒತ್ತಿ. ಪಾಲಿಎಥಿಲೀನ್‌ಗೆ ಎಪಾಕ್ಸಿ ಅಂಟುವುದಿಲ್ಲ; ತೂತಿನೊಳಗೆ ಇಳಿದು ಗಟ್ಟಿಯಾದಾಗ ಬೇರು ಬಿಟ್ಟು ನಿಲ್ಲುತ್ತದೆ. ಈ ಒಂದು ಹಂತ ಮುಗಿದ ಕೂಡಲೇ ಗೊಂಬೆ ಯಾವ ದೇಶದ್ದೆಂಬುದೇ ಬದಲಾಗುತ್ತದೆ.

4. ಭಂಗಿ ತಿದ್ದುವುದು. ಕುದಿದ ನೀರನ್ನು ಒಲೆಯಿಂದ ಇಳಿಸಿ, ತಿದ್ದಬೇಕಾದ ಕೈಯನ್ನು ಇಕ್ಕಳದಿಂದ ಹಿಡಿದು ಒಂದು ನಿಮಿಷ ಅದ್ದಿ, ಬೇಕಾದ ಕಡೆ ಬಗ್ಗಿಸಿ, ಹಾಗೆಯೇ ಹಿಡಿದು ತಣ್ಣೀರಿಗೆ ಅದ್ದಿ. ಬಿಸಿಗೆ ಪ್ಲಾಸ್ಟಿಕ್‌ನ ಉದ್ದನೆಯ ಅಣುಸರಣಿಗಳು ಸಡಿಲಗೊಂಡು ಜರುಗುತ್ತವೆ, ತಣ್ಣೀರು ಅವನ್ನು ಹೊಸ ಜಾಗದಲ್ಲಿ ಬಿಗಿಯುತ್ತದೆ. ಪಾಲಿಎಥಿಲೀನ್ ಹಳೆಯ ಆಕಾರಕ್ಕೆ ಮರಳಲು ಹಟ ಮಾಡುವುದರಿಂದ ಸಣ್ಣ ತಿದ್ದುಪಡಿಗೆ ಮಾತ್ರ ಇದು ಸರಿ. ಕೈಯನ್ನು ಪೂರ್ತಿ ಬೇರೆ ದಿಕ್ಕಿಗೆ ತಿರುಗಿಸಬೇಕಾದರೆ ಕತ್ತರಿಸಿ ಮರುಜೋಡಿಸಿ.

5. ಜೋಡಿಸುವುದು. ಎರಡೂ ತುಂಡುಗಳಲ್ಲಿ ಎದುರುಬದುರು ತೂತು ಕೊರೆದು, ತಲೆ ಕತ್ತರಿಸಿದ ಗುಂಡುಸೂಜಿಯನ್ನು ಒಳಗೆ ತುರುಕಿ ಕೂಡಿಸಿ. ಪಾಲಿಎಥಿಲೀನ್‌ನಲ್ಲಿ ಭಾರ ಹೊರುವುದು ಸೂಜಿಯೇ ಹೊರತು ಅಂಟಲ್ಲ. ಸಂದನ್ನು ಎಪಾಕ್ಸಿಯಿಂದ ಸುತ್ತಲೂ ಉಂಗುರದಂತೆ ಮುಚ್ಚಿ. ಅದೇ ತೋಳುಬಂದಿಯೂ ಆಗುತ್ತದೆ. ಗಟ್ಟಿ ಪಾಲಿಸ್ಟೈರೀನ್ ಆದರೆ ಫೆವಿಕ್ವಿಕ್ ಸಾಕು.

6. ಆಯುಧ. ಬಿದಿರಿನ ಸಿಬಿರನ್ನು ಬಿಸಿನೀರಿನಲ್ಲಿ ನೆನೆಹಾಕಿ, ನಿಧಾನಕ್ಕೆ ಬಗ್ಗಿಸಿ, ಎರಡು ತುದಿಗೂ ದಾರ ಕಟ್ಟಿ ಹಾಗೆಯೇ ಒಣಗಲು ಬಿಡಿ. ಒಣಗಿದ ಮೇಲೆ ತುದಿಗಳಲ್ಲಿ ಸಣ್ಣ ಕಚ್ಚು ಮಾಡಿ, ಫೆವಿಕಾಲ್ ಸವರಿದ ತೆಳು ದಾರವನ್ನು ಹೆದೆಯಾಗಿ ಬಿಗಿಯಿರಿ. ಹೆದೆಯ ನಡುಭಾಗ ಬಲಗೈಯ ಬೆರಳಿಗೆ ಸಿಕ್ಕಿ ಹಿಂದಕ್ಕೆ ಎಳೆದಂತಿರಲಿ. ನೇರವಾಗಿ ಬಿಟ್ಟರೆ ಬಿಲ್ಲಿಗೆ ಜೀವವಿರದು. ಕತ್ತಿಗೆ ತಗಡಿನ ಡಬ್ಬಿಯ ಮುಚ್ಚಳದಿಂದ ಕತ್ತರಿಸಿದ ಪಟ್ಟಿ ಆಗುತ್ತದೆ. ಅದರ ಬಾಲವನ್ನು ಮುಷ್ಟಿಯಲ್ಲಿ ಕೊರೆದ ತೂತಿಗೆ ಇಳಿಸಿ. ಗುರಾಣಿಯ ನಡುವೆ ಎಪಾಕ್ಸಿಯ ಗುಬಟು, ಅಂಚಿಗೆ ದಾರ.

7. ಉಡುಗೆ. ಅಂಗಿಯ ಕೊರಳಪಟ್ಟಿ, ಗುಂಡಿ ಸಾಲು ಕೆರೆದು ತೆಗೆಯಿರಿ. ಪೂರ್ತಿ ಹೋಗದಿದ್ದರೆ ಮುಚ್ಚುವುದೇ ಉಪಾಯ: ಕೊರಳಪಟ್ಟಿಯ ಮೇಲೆ ಹಾರ, ಸೊಂಟಪಟ್ಟಿಯ ಮೇಲೆ ನಡುಕಟ್ಟು, ಬೂಟಿನ ಬಾಯಿಯ ಮೇಲೆ ಕಾಲ್ಕಡಗ. ಕಚ್ಚೆಗೆ ಟಿಶ್ಯೂ ಕಾಗದದ ಒಂದೇ ಪದರವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಮೈಗೆ ಸುತ್ತಿ, ಒದ್ದೆಯಿರುವಾಗಲೇ ಕುಂಚದ ಹಿಂತುದಿಯಿಂದ ನೆರಿಗೆ ಎಳೆಯಿರಿ. ನಡುಕಟ್ಟಿನ ಸೆರಗನ್ನು ನೇರ ಇಳಿಬಿಡದೆ, ವೀರ ಮುನ್ನುಗ್ಗುತ್ತಿರುವ ದಿಕ್ಕಿಗೆ ಎದುರಾಗಿ ಹಿಂದಕ್ಕೆ ಹಾರಿಸಿ. ಓಟದ ರಭಸ ಅದೊಂದರಿಂದಲೇ ಬರುತ್ತದೆ.

8. ಬಣ್ಣಕ್ಕೆ ಮೊದಲು. ಪ್ಲಾಸ್ಟಿಕ್‌ಗೆಂದೇ ಬರುವ ಪ್ರೈಮರ್ ಸ್ಪ್ರೇ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಒಂದು ಪಾಲು ನೀರಿಗೆ ಎರಡು ಪಾಲು ಫೆವಿಕಾಲ್ ಬೆರೆಸಿ ಇಡೀ ಗೊಂಬೆಗೆ ತೆಳುವಾಗಿ ಹಚ್ಚಿ. ಅದು ಒಣಗುತ್ತ ಕುಗ್ಗಿ, ಗೊಂಬೆಯನ್ನು ಎಲ್ಲ ಕಡೆಯಿಂದಲೂ ಬಿಗಿದಪ್ಪಿಕೊಳ್ಳುತ್ತದೆ. ಬಣ್ಣ ಹಿಡಿಯುವುದು ಪ್ಲಾಸ್ಟಿಕ್ ಮೇಲಲ್ಲ, ಈ ಪೊರೆಯ ಮೇಲೆ. ಎಲ್ಲಿಯೂ ಬಿಟ್ಟುಹೋಗದಂತೆ ಅಂಗಾಲು, ಕಂಕುಳು ಸೇರಿಸಿ ಹಚ್ಚುವುದು ಮುಖ್ಯ.

9. ಬಣ್ಣ. ಮೈಗೆ ಕಂದು, ಅದಕ್ಕೆ ಚೂರು ಹಳದಿ. ದಪ್ಪಗೆ ಒಂದು ಸಲ ಬಳಿಯುವ ಬದಲು ತೆಳುವಾಗಿ ಎರಡು ಮೂರು ಸಲ. ಒಣಗಿದ ಮೇಲೆ ಕಪ್ಪು ಕಂದು ಬಣ್ಣವನ್ನು ನೀರಾಗಿ ಮಾಡಿ ಇಡೀ ಮೈಮೇಲೆ ಹರಿಬಿಡಿ. ಅದು ತಗ್ಗುಗಳಲ್ಲಿ ಇಂಗಿ ನೆರಳಾಗುತ್ತದೆ. ಕೊನೆಗೆ ತಿಳಿ ಬಣ್ಣದ ಕುಂಚವನ್ನು ಬಟ್ಟೆಗೆ ಒರೆಸಿ, ಬಹುತೇಕ ಒಣಗಿದ ಕುಂಚದಿಂದ ಮೂಗು, ಭುಜ, ಮಂಡಿ, ನೆರಿಗೆಯ ಏಣುಗಳನ್ನು ಮುಟ್ಟಿ ಮುಟ್ಟಿ ಬಿಡಿ. ಐದು ಸೆಂಟಿಮೀಟರಿನ ಗೊಂಬೆಯ ಮೇಲೆ ಬೀಳುವ ನಿಜವಾದ ನೆರಳು ಕಣ್ಣಿಗೆ ಸಾಲದು, ಅದಕ್ಕೇ ನೆರಳು ಬೆಳಕನ್ನು ಬಣ್ಣದಲ್ಲೇ ಕೊಡಬೇಕು. ಹೊಳಪಿಲ್ಲದ ವಾರ್ನಿಷ್ ಹಚ್ಚಿ ಮುಗಿಸಿ.

ಗೊಂಬೆಯಿಂದ ಕಲ್ಲಿಗೆ

ಬಿಡಿ ವೀರರು ಸಿದ್ಧವಾದ ಮೇಲೆ ಇಡೀ ವೀರಗಲ್ಲನ್ನೇ ಮಾಡಬಹುದು. ಹೊಸಬರಿಗೆ ಇದು ಬಿಡಿ ಗೊಂಬೆಗಿಂತ ಸುಲಭ. ಉಬ್ಬುಶಿಲ್ಪದಲ್ಲಿ ಬೆನ್ನು ಕಾಣುವುದಿಲ್ಲ, ಮುಖದ ಬಣ್ಣದ ಗೋಜಿಲ್ಲ, ಕೈ ತಪ್ಪಿದ್ದೆಲ್ಲ ಸವೆತದಲ್ಲಿ ಮುಚ್ಚಿಹೋಗುತ್ತದೆ.

ಸುಮಾರು 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಹಲಗೆ ತೆಗೆದುಕೊಳ್ಳಿ. ಅದರ ಮೇಲೆ ಹಳೆಯ ಪತ್ರಿಕೆಯನ್ನು ನೆನೆಹಾಕಿ ಅರೆದ ತಿರುಳಿಗೆ ಫೆವಿಕಾಲ್ ಬೆರೆಸಿ, ಒಂದು ಬೆರಳು ದಪ್ಪ ಮೆತ್ತಿ. ಕುಂಬಾರರ ಮಣ್ಣು ಬಳಸುವ ಆಸೆಯಾಗಬಹುದು. ಆದರೆ ಮಣ್ಣು ಒಣಗುವಾಗ ಕುಗ್ಗುತ್ತದೆ, ಪ್ಲಾಸ್ಟಿಕ್ ಕುಗ್ಗುವುದಿಲ್ಲ. ಪ್ರತಿ ಗೊಂಬೆಯ ಸುತ್ತಲೂ ಸೀಳು ಬಿಡುತ್ತದೆ. ಕಾಗದದ ತಿರುಳು ಕುಗ್ಗಿದರೂ ಅದರ ನಾರು ಬಿರುಕು ಹರಡಗೊಡುವುದಿಲ್ಲ. ತಿರುಳು ಹಸಿಯಿರುವಾಗ ಗೊಂಬೆಗಳನ್ನು ಅರ್ಧ ಮೈ ಮುಳುಗುವಂತೆ ಒತ್ತಿ, ಅಂಚುಗಳನ್ನು ಮೈಯವರೆಗೆ ಎಳೆದು ಸೇರಿಸಿ. ಬುಡದ ಪೀಠ ಮೊದಲೇ ಕತ್ತರಿಸಿರಬೇಕು.

ಕೆಳಗಿನ ಪಟ್ಟಿಕೆಗೆ ವೀರ, ಚಿಕ್ಕ ಶತ್ರುಗಳು, ಕಾಲಡಿ ಬಿದ್ದವನು. ಆಟಿಕೆಯ ಪ್ರಾಣಿಗಳ ಪೊಟ್ಟಣದ ದನಗಳು ಇಲ್ಲಿ ತುರುಗೋಳಿನ ಹಿಂಡಾಗುತ್ತವೆ. ಬೆನ್ನಿಗೆ ಎಪಾಕ್ಸಿಯಿಂದ ಡುಬ್ಬ ಸೇರಿಸಲು ಮರೆಯಬೇಡಿ, ಏಕೆಂದರೆ ಆ ಪೊಟ್ಟಣದ ದನಗಳು ಸಾಮಾನ್ಯವಾಗಿ ವಿದೇಶಿ ತಳಿಯವು. ನಡುವಿನ ಪಟ್ಟಿಕೆಗೆ ವೀರನನ್ನು ಹೊತ್ತ ಅಪ್ಸರೆಯರು. ಸಿಪಾಯಿಯಿಂದ ಅಪ್ಸರೆಯನ್ನು ಮಾಡುವುದು ಕಷ್ಟದ ಕೆಲಸ. ಆ ಭಾಗವನ್ನು ತಿರುಳಿನಲ್ಲೇ ಸರಳವಾಗಿ ತಿದ್ದುವುದು ವಾಸಿ. ಮೇಲೆ ಲಿಂಗ, ನಂದಿ, ಸೂರ್ಯಚಂದ್ರರು.

ಪೂರ್ತಿ ಒಣಗಿದ ಮೇಲೆ ಬಣ್ಣ. ಕಡುಬೂದಿಗೆ ಚೂರು ಹಸಿರು ಸೇರಿಸಿದರೆ ಬಳ್ಳಿಗಾವಿಯ ಬಳಪದ ಕಲ್ಲಿನ ಛಾಯೆ ಬರುತ್ತದೆ. ಕಪ್ಪು ನೀರು ಹರಿಸಿ, ತಿಳಿಬೂದಿಯ ಒಣಕುಂಚ ಆಡಿಸಿ. ಮಲೆನಾಡಿನ ಕಲ್ಲಿಗೆ ಕಲ್ಲುಹೂವು ಹತ್ತಿರುತ್ತದೆ. ಬಿಳಿ ಮತ್ತು ಹಳದಿ ಮಿಶ್ರಿತ ಹಸಿರಿನ ಸಣ್ಣ ಮಚ್ಚೆಗಳನ್ನು ಸ್ಪಂಜಿನ ಚೂರಿನಿಂದ ಒಂದು ಬದಿಗೆ ಮಾತ್ರ ಒತ್ತಿ, ಎರಡೂ ಬದಿಗೆ ಸಮನಾಗಿ ಬೇಡ. ಪೂಜೆಗೊಳ್ಳುವ ಕಲ್ಲೆಂದು ತೋರಿಸಬೇಕಾದರೆ ಲಿಂಗದ ಮೇಲೊಂದು, ವೀರನ ಹಣೆಯ ಮೇಲೊಂದು ಕುಂಕುಮದ ಚುಕ್ಕೆ ಸಾಕು.

ಎಚ್ಚರಿಕೆ

ಲೋಹದ ಹಳೆಯ ಸಿಪಾಯಿಗಳಲ್ಲಿ ಸೀಸವಿರುತ್ತದೆ, ಹಳೆಯ ಬಣ್ಣದಲ್ಲೂ ಸೀಸವಿರಬಹುದು. ಅವನ್ನು ಕೆರೆಯಬೇಡಿ, ಉಜ್ಜಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಕಾಯಿಸಿದ ಚಾಕುವಿನಿಂದ ಪಿವಿಸಿ ಕತ್ತರಿಸಬಾರದು. ಸುಟ್ಟರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ. ಯಾವ ಪ್ಲಾಸ್ಟಿಕ್ಕನ್ನೂ ನೇರ ಉರಿಗೆ ಹಿಡಿಯುವುದು ಬೇಡ.

ಎಪಾಕ್ಸಿಯನ್ನು ಬರಿಗೈಯಲ್ಲಿ ಕಲಸಿದರೆ ಕೆಲವರಿಗೆ ಚರ್ಮ ಉರಿದು ತುರಿಸುತ್ತದೆ, ಕೈಗವಸು ಹಾಕಿ. ಎರಡೂ ಭಾಗ ಪೊಟ್ಟಣದಲ್ಲಿ ಹೇಳಿದ ಪ್ರಮಾಣದಲ್ಲೇ ಇರಲಿ, ಬಣ್ಣದ ಎಳೆಗಳು ಕಾಣದಷ್ಟು ಕಲಸಿ. ಮೆದುವಾಗಿರುವಾಗ ಚಾಕುವಿನ ತುದಿಯನ್ನು ನೀರಿಗೆ ಅದ್ದಿ ತಿದ್ದಿದರೆ ಅಂಟುವುದಿಲ್ಲ.

ತಗಡಿನ ಕತ್ತಿ, ಸೂಜಿ, ಬಿಡಿ ಗುರಾಣಿ ಇರುವ ಈ ಗೊಂಬೆಗಳು ಇನ್ನು ಆಟಿಕೆಗಳಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಎಟುಕದ ಮೆಟ್ಟಿಲಿನಲ್ಲಿಡಿ.

ಕತ್ತರಿಸುವ ಮುನ್ನ ಪೆಟ್ಟಿಗೆಯನ್ನೊಮ್ಮೆ ನೋಡಿ. ಬ್ರಿಟನ್ಸ್, ಏರ್‌ಫಿಕ್ಸ್‌ನಂಥ ಕಂಪನಿಗಳ ಹಳೆಯ ಸೆಟ್ಟು ಪೆಟ್ಟಿಗೆಯ ಸಮೇತ ಉಳಿದಿದ್ದರೆ ಸಂಗ್ರಹಕಾರರು ಅದನ್ನು ಹುಡುಕುತ್ತಿರುತ್ತಾರೆ. ಅದಕ್ಕೆ ಚಾಕು ಹಾಕಬೇಡಿ. ಜಾತ್ರೆಯ ಚೀಲ ಬೇಕಾದಷ್ಟು ಸಿಗುತ್ತದೆ.

ಹೆಚ್ಚಿನವರು ಎಡವುವ ಕಡೆ

ಮಳೆಗಾಲದ ಆತುರ. ಶಿಕಾರಿಪುರ, ಸೊರಬದ ಆಷಾಢ ಶ್ರಾವಣದಲ್ಲಿ ಗಾಳಿಯೇ ಒದ್ದೆ. ಸ್ಪ್ರೇ ಬಣ್ಣ ಹೊಡೆದರೆ ಮೇಲೆ ಬಿಳಿ ಮಂಕು ಕೂರುತ್ತದೆ, ಫೆವಿಕಾಲ್ ಪೊರೆ ಒಣಗಿದಂತೆ ಕಂಡರೂ ಒಳಗೆ ಹಸಿಯಿರುತ್ತದೆ. ಕತ್ತರಿಸುವ, ಕೆತ್ತುವ ಕೆಲಸ ಮಳೆಯಲ್ಲಿ ಮುಗಿಸಿ, ಬಣ್ಣವನ್ನು ಬಿಸಿಲು ಕಾಣುವ ದಿನಗಳಿಗೆ ಇಟ್ಟುಕೊಳ್ಳಿ. ನವರಾತ್ರಿಗೆ ಸಿದ್ಧವಾಗಬೇಕಾದರೆ ಗಣೇಶ ಚೌತಿಗೆ ಮುಂಚೆಯೇ ಚಾಕು ಕೆಳಗಿಟ್ಟಿರಬೇಕು.

ಎಲ್ಲರಿಗೂ ಒಂದೇ ವೇಷ. ಹತ್ತು ಗೊಂಬೆಗೂ ಒಂದೇ ಮುಡಿ, ಒಂದೇ ಗುರಾಣಿ ಕೊಟ್ಟರೆ ಮತ್ತೆ ಕಾರ್ಖಾನೆಯ ಸಾಲೇ ಆಗುತ್ತದೆ. ಒಬ್ಬನ ತಲೆ ಚೂರು ತಿರುಗಲಿ, ಇನ್ನೊಬ್ಬನ ಗುರಾಣಿ ಚೌಕವಾಗಲಿ.

ಗುಲಾಬಿ ಮೈಬಣ್ಣ. ಅಂಗಡಿಯ 'ಸ್ಕಿನ್' ಬಣ್ಣದ ಸೀಸೆಯನ್ನು ಹಾಗೇ ಬಳಸಬೇಡಿ.

ಸಿನಿಮಾ ಉಡುಗೆ. ಎದೆಕವಚ, ಮೊನಚು ಭುಜಪಟ್ಟಿ, ಕೆಂಪು ಮೇಲುವಸ್ತ್ರ ಹಾಕುವ ಆಸೆ ಸಹಜ. ಊರಿನ ದನಕ್ಕಾಗಿ ಓಡಿಬಂದವನ ಮೈಮೇಲೆ ಅವು ಇರಲಿಲ್ಲ, ಕಲ್ಲಿನ ಮೇಲೂ ಇಲ್ಲ. ಅನುಮಾನ ಬಂದಾಗಲೆಲ್ಲ ನೀವೇ ತೆಗೆದ ಚಿತ್ರಕ್ಕೆ ಮರಳಿ.

ಕೈ ಪಳಗಿದ ಮೇಲೆ

ಬಳ್ಳಿಗಾವಿಯಲ್ಲೇ ಮುಂದಿನ ಪಾಠಗಳೂ ಇವೆ. 1047ರಲ್ಲಿ ಮಾಂಡಲಿಕ ಚಾವುಂಡರಾಯರಸ ನಿಲ್ಲಿಸಿದ ಎತ್ತರದ ಕಂಬದ ಗಂಡಭೇರುಂಡ ನೋಡಿ. ಅದರ ಮೈ ಮನುಷ್ಯನದು, ಎರಡು ತಲೆಗಳು ಹಕ್ಕಿಯವು. ಸಿಪಾಯಿಯ ತಲೆ ತೆಗೆದು, ಕತ್ತಿನಲ್ಲಿ ಎರಡು ಸೂಜಿ ನೆಟ್ಟು, ಅವುಗಳ ಮೇಲೆ ಎಪಾಕ್ಸಿಯಲ್ಲಿ ಕೊಕ್ಕಿನ ತಲೆಗಳನ್ನು ತಿದ್ದಬಹುದು. ಕೇದಾರೇಶ್ವರ ದೇವಾಲಯದ ಮೇಲಿರುವ ಹೊಯ್ಸಳ ಲಾಂಛನದಲ್ಲಿ ಸಿಂಹದೊಡನೆ ಸೆಣಸುವ ಸಳನಿಗೆ ಬಯೊನೆಟ್ ಸಿಪಾಯಿಯೂ ಪ್ರಾಣಿ ಪೊಟ್ಟಣದ ಸಿಂಹವೂ ಸಾಕು; ಸಿಂಹದ ಹಿಂಗಾಲುಗಳನ್ನು ಬಿಸಿನೀರಿನಲ್ಲಿ ಬಗ್ಗಿಸಿ ಎದ್ದು ನಿಲ್ಲಿಸಬೇಕು.

ಹತ್ತಿರದ ತಾಳಗುಂದದ ಸ್ತಂಭಶಾಸನ ಇನ್ನೊಂದು ವಸ್ತು ಕೊಡುತ್ತದೆ. ಓದಲೆಂದು ಕಂಚಿಗೆ ಹೋದ ಕದಂಬ ವಂಶದ ಮಯೂರಶರ್ಮ, ಪಲ್ಲವರ ಕುದುರೆ ಸವಾರನೊಡನೆ ನಡೆದ ಜಗಳದಿಂದ ಮನನೊಂದು ಕತ್ತಿ ಹಿಡಿದ ಕತೆ ಅದರಲ್ಲಿದೆ. ಪಿಸ್ತೂಲು ಎತ್ತಿ ಮುಂದೆ ಕೈ ತೋರಿಸುವ ಅಧಿಕಾರಿಯ ಗೊಂಬೆ ಇದಕ್ಕೆ ಹೊಂದುತ್ತದೆ. ಪಿಸ್ತೂಲಿನ ಜಾಗಕ್ಕೆ ಕತ್ತಿ, ಎದೆಯ ಮೇಲೆ ಅಡ್ಡಲಾಗಿ ಜನಿವಾರದ ಒಂದೇ ಎಳೆ ದಾರ.

ನಾಯಿ ಗೊಂಬೆಯೊಂದು ಇದ್ದರೆ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನು ಪ್ರಯತ್ನಿಸಿ. 10ನೇ ಶತಮಾನದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ; ಕಾಡುಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ನೆನಪನ್ನು ಅದು ಉಳಿಸಿದೆ. ಹಂದಿ ದೊಡ್ಡದು, ನಾಯಿ ಚಿಕ್ಕದು, ಎರಡೂ ಮುಖಾಮುಖಿ ಎಗರಿವೆ. ಪ್ಲಾಸ್ಟಿಕ್ ಹಂದಿ ಸಾಕುಹಂದಿಯ ಮಾದರಿಯದಾಗಿದ್ದರೆ ಬೆನ್ನ ಮೇಲೆ ಎಪಾಕ್ಸಿಯ ಏಣು ಎಳೆದು, ಗೀರಿ ಕೂದಲು ಮೂಡಿಸಿ, ಬಾಯಿಗೆ ಬಿದಿರಿನ ಕೋರೆ ಸಿಕ್ಕಿಸಿ.

ಹಬ್ಬ ಮುಗಿದ ಮೇಲೆ ಇವನ್ನು ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ಸುರಿಯಬೇಡಿ. ಒಂದಕ್ಕೊಂದು ತಾಗಿ ಬಣ್ಣ ಹೋಗುತ್ತದೆ, ಬಿಲ್ಲು ಮುರಿಯುತ್ತದೆ. ಪ್ರತಿಯೊಂದನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿ ನಿಲ್ಲಿಸಿಡಿ. ಹೆಂಚಿನ ಮಾಡಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾಯುತ್ತದೆ, ಆ ಕಾವಿಗೆ ಬಗ್ಗಿಸಿದ ಕೈಗಳು ಹಳೆಯ ಜಾಗಕ್ಕೆ ಮರಳುತ್ತವೆ. ಪೆಟ್ಟಿಗೆಗೆ ಕೋಣೆಯೊಳಗಿನ ಕಪಾಟೇ ಸರಿಯಾದ ಜಾಗ. ತಿರುಳಿನ ವೀರಗಲ್ಲಿನ ಹಿಂಬದಿಗೂ ವಾರ್ನಿಷ್ ಹಚ್ಚಿ, ಒಂದೆರಡು ಬೇವಿನೆಲೆಯ ಪೊಟ್ಟಣ ಜೊತೆಗಿಡಿ. ಮಳೆಗಾಲದಲ್ಲಿ ಒಮ್ಮೆ ತೆಗೆದು ನೋಡಿ, ಬೂಷ್ಟು ಕಂಡರೆ ಒಣಬಟ್ಟೆಯಿಂದ ಒರೆಸಿ ಬಿಸಿಲು ಬಿದ್ದ ಜಗಲಿಯಲ್ಲಿ ಅರ್ಧ ದಿನ ಇಟ್ಟು ಮತ್ತೆ ಒಳಗಿಡಿ.